ಶುಗರ್ ಇರುವ ಬೆಕ್ಕಿನ ಬಾಯಲ್ಲಿ ಕೀವು: ಯಾವ ಆ್ಯಂಟಿಬಯಾಟಿಕ್ ಎಂದು ಕೇಳುವ ಮೊದಲು

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ್ಯಂಟಿಬಯಾಟಿಕ್ ನಿರೋಧದ ವಿರುದ್ಧ, ಎಂದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುವುದರ ವಿರುದ್ಧ, ಎರಡನೇ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. 2025ರಿಂದ 2029ರವರೆಗಿನ ಯೋಜನೆ ಅದು. ಬೇಕಿಲ್ಲದೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಡಿ, ಪ್ರಾಣಿಗಳಿಗೂ ಸುಮ್ನೆ ಕೊಡಬೇಡಿ ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಇದರ ಜೊತೆಗೆ ಇನ್ನೊಂದು ಹಳೆಯ ಮಾತಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸೋಂಕು ತಗಲಿದರೆ ತಡ ಮಾಡಬೇಡಿ, ಗಟ್ಟಿಯಾದ ಔಷಧಿಯನ್ನೇ ಕೊಡಿ ಎನ್ನುವುದು.

ಈ ಎರಡು ಮಾತುಗಳು ಎದುರುಬದುರಾಗುವ ಜಾಗ ಒಂದಿದೆ. ಮನೆಯ ಬೆಕ್ಕಿಗೆ ಶುಗರ್ ಇದೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುತ್ತಿದ್ದೀರಿ. ಈಗ ಅದರ ಬಾಯಿ ನಾರುತ್ತಿದೆ, ಜೊಲ್ಲು ಸುರಿಯುತ್ತಿದೆ, ಒಂದು ಕಡೆಯ ಒಸಡು ಊದಿ ಕೀವು ಕಾಣುತ್ತಿದೆ. ಒಬ್ಬ ಡಾಕ್ಟರು ಮಾತ್ರೆ ಬರೆಯುತ್ತಾರೆ. ಇನ್ನೊಬ್ಬರು ಒಂದೇ ಸೂಜಿ ಸಾಕು ಎನ್ನುತ್ತಾರೆ. ಮೂರನೆಯವರು ಹಲ್ಲು ಕೀಳಿಸದೆ ಏನು ಕೊಟ್ಟರೂ ದಂಡ ಎನ್ನುತ್ತಾರೆ. ಮೂವರ ಮಾತಿನ ಹಿಂದೆಯೂ ಕಾರಣ ಇದೆ. ಆ ಕಾರಣಗಳು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಎಂಬುದು ಮಾತ್ರ ಮನೆಯವರಿಗೆ ಗೊತ್ತಾಗುವುದಿಲ್ಲ.

ಹಲ್ಲು ಶುಗರನ್ನು ಏರಿಸುವ ಬಗೆ

ಬೆಕ್ಕಿಗೆ ಬರುವ ಸಕ್ಕರೆ ಕಾಯಿಲೆ ಹೆಚ್ಚಾಗಿ ಮನುಷ್ಯರ ಎರಡನೇ ಬಗೆಯ ಡಯಾಬಿಟಿಸ್ ಹೋಲುತ್ತದೆ. ಮೈಯಲ್ಲಿ ಇನ್ಸುಲಿನ್ ಪೂರ್ತಿ ನಿಂತಿರುವುದಿಲ್ಲ, ಆದರೆ ಅದರ ಮಾತನ್ನು ಮೈ ಸರಿಯಾಗಿ ಕೇಳುವುದಿಲ್ಲ. ದಪ್ಪಗಿರುವ, ವಯಸ್ಸಾದ, ಸಂತಾನಹರಣ ಆಗಿರುವ ಗಂಡು ಬೆಕ್ಕುಗಳಲ್ಲಿ ಇದು ಜಾಸ್ತಿ.

ಇಂಥ ಮೈಗೆ ಸೋಂಕು ಬಂದರೆ ಏನಾಗುತ್ತದೆ? ಸೋಂಕಿನ ವಿರುದ್ಧ ಹೋರಾಡಲು ಮೈ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್‌ನಂಥ ಹಾರ್ಮೋನುಗಳನ್ನು ಹೆಚ್ಚಾಗಿ ಬಿಡುತ್ತದೆ. ಇವೆಲ್ಲ ರಕ್ತಕ್ಕೆ ಸಕ್ಕರೆ ಸುರಿಯುವಂಥವು. ಉರಿಯೂತದಿಂದ ಬರುವ ರಾಸಾಯನಿಕಗಳು ಇನ್ಸುಲಿನ್‌ನ ಕೆಲಸಕ್ಕೆ ಇನ್ನಷ್ಟು ಅಡ್ಡಿ ಮಾಡುತ್ತವೆ. ನಿನ್ನೆಯವರೆಗೆ ಸಾಕಾಗುತ್ತಿದ್ದ ಡೋಸ್ ಇವತ್ತು ಸಾಲುವುದಿಲ್ಲ. ಶುಗರ್ ಏರಿದರೆ ಕೀವಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಅಲ್ಲಿಗೆ ಸೋಂಕು ಇನ್ನೂ ಬಲಿಯುತ್ತದೆ. ಸೋಂಕು ಶುಗರನ್ನು ಏರಿಸುತ್ತದೆ, ಶುಗರ್ ಸೋಂಕನ್ನು ಬೆಳೆಸುತ್ತದೆ.

ಇನ್ಸುಲಿನ್ ಡೋಸ್ ಏರಿಸುತ್ತಲೇ ಹೋದರೂ ಶುಗರ್ ಇಳಿಯದ ಬೆಕ್ಕಿನ ಬಾಯಿ ತೆರೆದು ನೋಡಬೇಕು ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಮೂತ್ರದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತದ ಜೊತೆಗೆ ಹಲ್ಲಿನ ಕಾಯಿಲೆಯೂ ಆ ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ. ಬೆಕ್ಕು ನೋವನ್ನು ತೋರಿಸಿಕೊಳ್ಳುವುದಿಲ್ಲ. ಹಲ್ಲು ಅಲ್ಲಾಡುತ್ತಿದ್ದರೂ ಮೆತ್ತನೆಯ ಊಟವನ್ನು ನುಂಗಿಕೊಂಡು ಇರುತ್ತದೆ. ಹಾಗಾಗಿ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಬಾಯಿ ನೋವೆಲ್ಲ ಸೋಂಕಲ್ಲ

ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ಬೆಕ್ಕಿನ ಬಾಯಿ ಕೆಂಪಾಗಲು, ನೋಯಲು ಬೇರೆ ಕಾರಣಗಳೂ ಇವೆ.

ಒಂದು, ಹಲ್ಲು ತನ್ನಷ್ಟಕ್ಕೆ ತಾನೇ ಕರಗುವ ಕಾಯಿಲೆ. ಬೆಕ್ಕುಗಳಲ್ಲಿ ಇದು ತುಂಬಾ ಮಾಮೂಲು. ಹಲ್ಲಿನ ಬುಡದಲ್ಲಿ ತೂತು ಬಿದ್ದು, ಒಸಡು ಅದರ ಮೇಲೆ ಬೆಳೆದು ಕೆಂಪಗೆ ಕಾಣುತ್ತದೆ. ಮುಟ್ಟಿದರೆ ದವಡೆ ನಡುಗುತ್ತದೆ. ಇದಕ್ಕೆ ಯಾವ ಆ್ಯಂಟಿಬಯಾಟಿಕ್ಕೂ ಔಷಧಿಯಲ್ಲ. ಎಕ್ಸ್-ರೇ ತೆಗೆದು ಆ ಹಲ್ಲನ್ನು ತೆಗೆಯಬೇಕು. ಇನ್ನೊಂದು, ಬಾಯಿಯ ಹಿಂಭಾಗವೆಲ್ಲ ಕೆಂಡದಂತೆ ಕೆಂಪಾಗುವ ದೀರ್ಘಕಾಲದ ಬಾಯಿಹುಣ್ಣು. ಅಲ್ಲಿ ಮೈಯ ರೋಗನಿರೋಧಕ ವ್ಯವಸ್ಥೆಯೇ ಅತಿಯಾಗಿ ಕೆರಳಿರುತ್ತದೆ. ಕ್ಯಾಲಿಸಿವೈರಸ್‌ನಂಥ ವೈರಸ್‌ಗಳ ಪಾತ್ರವೂ ಇರುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟರೆ ಸ್ವಲ್ಪ ದಿನ ತಗ್ಗಿ ಮತ್ತೆ ಬರುತ್ತದೆ. ವಯಸ್ಸಾದ ಬೆಕ್ಕಿನಲ್ಲಿ ಒಂದೇ ಕಡೆ ಊತ, ಹಲ್ಲು ಸಡಿಲ ಎಂದರೆ ಬಾಯಿಯ ಕ್ಯಾನ್ಸರ್ ಕೂಡ ಕೀವಿನ ಗಡ್ಡೆಯಂತೆಯೇ ಕಾಣಬಹುದು. ಎರಡೆರಡು ಸಲ ಔಷಧಿ ಬದಲಿಸಿದರೂ ಇಳಿಯದ ಊತವನ್ನು ಮೂರನೇ ಆ್ಯಂಟಿಬಯಾಟಿಕ್‌ಗೆ ಒಪ್ಪಿಸುವ ಬದಲು ಒಂದು ತುಣುಕು ತೆಗೆದು ಲ್ಯಾಬಿಗೆ ಕಳಿಸುವುದು ವಾಸಿ.

ನಿಜವಾದ ಬ್ಯಾಕ್ಟೀರಿಯಾ ಸೋಂಕು ಎಂದರೆ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟುವುದು, ಒಸಡಿನ ಆಳದ ಸಂದುಗಳಲ್ಲಿ ಕೀವು ಬರುವುದು, ಮೂಳೆಗೆ ಸೋಂಕು ಇಳಿಯುವುದು. ಕೆಲವು ಸಲ ಕಣ್ಣಿನ ಕೆಳಗೆ ಮುಖ ಊದುತ್ತದೆ. ಜ್ವರ ಬರಬಹುದು. ಈ ಲೇಖನದ ಮುಂದಿನ ಭಾಗ ಇಂಥ ಸೋಂಕಿನ ಬಗ್ಗೆ.

ಔಷಧಿ ತಲುಪದ ಜಾಗ

ಹಲ್ಲಿನ ಮೇಲಿನ ಪಾಚಿ ಸುಮ್ಮನೆ ಕೊಳೆಯಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಗುಂಪಾಗಿ ಕೂತಿರುತ್ತವೆ. ಔಷಧಿ ಆ ಪದರದೊಳಗೆ ಕಷ್ಟಪಟ್ಟು ಹೋಗುತ್ತದೆ. ಸತ್ತ ಹಲ್ಲಿನೊಳಗೆ ರಕ್ತ ಸಂಚಾರವೇ ಇಲ್ಲ. ಕೀವಿನ ಗಡ್ಡೆಯ ನಡುವಿಗೂ ರಕ್ತ ಹೋಗುವುದಿಲ್ಲ. ಮಾತ್ರೆ ನುಂಗಿದರೂ ಸೂಜಿ ಚುಚ್ಚಿದರೂ ಔಷಧಿ ಹೋಗಬೇಕಾದದ್ದು ರಕ್ತದ ಮೂಲಕವೇ ಅಲ್ವಾ? ರಕ್ತ ಹೋಗದ ಕಡೆ ಔಷಧಿ ಹೇಗೆ ಹೋದೀತು?

ಆದ್ದರಿಂದ ಹಲ್ಲನ್ನು ಹಾಗೇ ಬಿಟ್ಟು ಆ್ಯಂಟಿಬಯಾಟಿಕ್ ಮಾತ್ರ ಕೊಡುವುದು, ಮುಳ್ಳನ್ನು ಕಾಲಲ್ಲೇ ಬಿಟ್ಟು ಮೇಲೆ ಮುಲಾಮು ಸವರಿದಂತೆ. ಸುತ್ತಲಿನ ಊತ ಇಳಿಯುತ್ತದೆ. ಬೆಕ್ಕು ಊಟ ಮಾಡುತ್ತದೆ. ಶುಗರ್ ಕೂಡ ಸ್ವಲ್ಪ ತಗ್ಗಬಹುದು. ಕೋರ್ಸ್ ಮುಗಿದ ಮೇಲೆ ಎಲ್ಲವೂ ವಾಪಸ್. ಆಮೇಲೆ ಎರಡನೇ ಕೋರ್ಸ್, ಮೂರನೇ ಕೋರ್ಸ್. ಪ್ರತಿ ಸಲವೂ ಬದುಕುಳಿಯುವುದು ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ.

ಅಮೆರಿಕನ್ ವೆಟರ್ನರಿ ಡೆಂಟಲ್ ಕಾಲೇಜ್ ಎಂಬ ಪಶು ದಂತತಜ್ಞರ ಸಂಸ್ಥೆಯ ನಿಲುವು ಇದರ ಬಗ್ಗೆ ಸ್ಪಷ್ಟವಾಗಿದೆ. ಬಾಯಿಯ ಸೋಂಕಿಗೆ ಆ್ಯಂಟಿಬಯಾಟಿಕ್ ಒಂದನ್ನೇ ಚಿಕಿತ್ಸೆಯಾಗಿ ಬಳಸಬಾರದು, ಹಲ್ಲಿನ ಕಾಯಿಲೆ ಬಾರದಿರಲಿ ಎಂದು ಮುಂಗಡವಾಗಿಯೂ ಕೊಡಬಾರದು. ಆದರೆ ರೋಗನಿರೋಧಕ ಶಕ್ತಿ ಕುಂದಿದ, ಮೈಯಲ್ಲಿ ಬೇರೆ ದೊಡ್ಡ ಕಾಯಿಲೆ ಇರುವ, ಅಥವಾ ಬಾಯಿಯ ಸೋಂಕು ತೀವ್ರವಾಗಿರುವ ಪ್ರಾಣಿಗೆ ಹಲ್ಲಿನ ಕೆಲಸದ ಹೊತ್ತಿಗೆ ಆ್ಯಂಟಿಬಯಾಟಿಕ್ ಕೊಡುವುದನ್ನು ಅದೇ ನಿಲುವು ಒಪ್ಪುತ್ತದೆ. ಕೀವು ಕಟ್ಟಿದ, ಶುಗರ್ ಹತೋಟಿ ತಪ್ಪಿದ ಬೆಕ್ಕು ಈ ವಿನಾಯಿತಿಯೊಳಗೆ ಬರುತ್ತದೆ. ಎಂದರೆ ನಮ್ಮ ಬೆಕ್ಕಿಗೆ ಆ್ಯಂಟಿಬಯಾಟಿಕ್ ಬೇಕು, ಆದರೆ ಹಲ್ಲಿನ ಕೆಲಸದ ಜೊತೆಗಾರನಾಗಿ ಬೇಕು.

ಮೊದಲು ಶುಗರೋ, ಮೊದಲು ಹಲ್ಲೋ

ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಶುಗರ್ ಹತೋಟಿಗೆ ಬರುವವರೆಗೆ ಅರಿವಳಿಕೆ ಕೊಡುವುದು ಬೇಡ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಅರಿವಳಿಕೆಯಲ್ಲಿ ಶುಗರ್ ಕುಸಿದರೆ ಬೆಕ್ಕು ತೂರಾಡಿ ತೋರಿಸಲಾರದು, ಅದು ಮಲಗಿರುತ್ತದೆ. ರಕ್ತದೊತ್ತಡ ಇಳಿಯಬಹುದು, ನೀರಿನಂಶ ಕಡಿಮೆಯಾಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಇನ್ನೊಂದು ಪಕ್ಷದ ವಾದ: ಶುಗರ್ ಏರಿರುವುದೇ ಆ ಹಲ್ಲಿನಿಂದ. ಅದನ್ನು ತೆಗೆಯದೆ ಹತೋಟಿ ಬರಲಿ ಎಂದು ಕಾದರೆ ವರ್ಷವಾದರೂ ಬರುವುದಿಲ್ಲ.

ಎರಡಕ್ಕೂ ನಡುವೆ ಗೆರೆ ಎಳೆಯುವುದು ಕೀಟೋನ್. ಮೈ ಸಕ್ಕರೆಯನ್ನು ಬಳಸಲಾಗದೆ ಕೊಬ್ಬನ್ನು ಕರಗಿಸತೊಡಗಿದಾಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಬೆಕ್ಕು ವಾಂತಿ ಮಾಡುತ್ತದೆ, ಊಟ ಬಿಡುತ್ತದೆ, ಮುದುಡಿ ಬೀಳುತ್ತದೆ. ಇದು ಪ್ರಾಣಕ್ಕೆ ಅಪಾಯ. ಈ ಸ್ಥಿತಿಯಲ್ಲಿರುವ ಬೆಕ್ಕಿಗೆ ಮೊದಲು ಆಸ್ಪತ್ರೆಯಲ್ಲಿ ಡ್ರಿಪ್, ಇನ್ಸುಲಿನ್, ಲವಣಗಳ ತಿದ್ದುಪಡಿ ಮತ್ತು ರಕ್ತನಾಳಕ್ಕೆ ಆ್ಯಂಟಿಬಯಾಟಿಕ್. ಹಲ್ಲು ಆಮೇಲೆ. ಕೀಟೋನ್ ಇಲ್ಲ, ಬೆಕ್ಕು ಅಷ್ಟಿಷ್ಟು ಊಟ ಮಾಡುತ್ತಿದೆ, ನೀರಿನಂಶ ಸರಿ ಇದೆ ಎಂದಾದರೆ ಶುಗರಿನ ಅಂಕಿ ಚೆನ್ನಾಗಿ ಕಾಣಲಿ ಎಂದು ಕಾಯುವುದರಿಂದ ಲಾಭ ಕಡಿಮೆ. ಕೆಲವು ದಿನ ಆ್ಯಂಟಿಬಯಾಟಿಕ್ ಮತ್ತು ನೋವಿನ ಔಷಧಿ ಕೊಟ್ಟು, ಊತ ತಗ್ಗಿದ ಮೇಲೆ ಹಲ್ಲಿನ ಕೆಲಸಕ್ಕೆ ದಿನ ಗೊತ್ತು ಮಾಡುವುದು ಈಗ ಹೆಚ್ಚು ಒಪ್ಪಿತವಾದ ದಾರಿ.

ಆ ದಿನ ಬೆಳಿಗ್ಗೆಯೇ ಕೆಲಸ ಶುರುವಾಗುವಂತೆ ನೋಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಬೆಳಗಿನ ಇನ್ಸುಲಿನ್ ಅರ್ಧ ಡೋಸ್ ಕೊಡುತ್ತಾರೆ. ಅರಿವಳಿಕೆಯ ಹೊತ್ತಿನಲ್ಲಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಶುಗರ್ ನೋಡುತ್ತಾರೆ. ಹಲ್ಲಿನ ಎಕ್ಸ್-ರೇ ಇಲ್ಲದೆ ಕೀಳಿಸಿದರೆ ಮುರಿದ ಬೇರು ಒಳಗೇ ಉಳಿಯಬಹುದು, ಆಗ ಕೀವೂ ಉಳಿಯುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ದೊಡ್ಡ ಖಾಸಗಿ ಆಸ್ಪತ್ರೆಗೋ ಹೋಗಬಲ್ಲವರಿಗೂ, ತಾಲ್ಲೂಕು ಪಶು ಆಸ್ಪತ್ರೆಯೊಂದೇ ಹತ್ತಿರ ಇರುವವರಿಗೂ ಈ ವಿಷಯದಲ್ಲಿ ಇರುವ ಅಂತರ ದೊಡ್ಡದು. ಮಾತ್ರೆಯಲ್ಲೇ ತಳ್ಳಿಕೊಂಡು ಹೋಗುವುದಕ್ಕೆ ಅರ್ಧ ಕಾರಣ ಇದೇ. ಡಾಕ್ಟರ ಅಜ್ಞಾನ ಎಂದು ಬೈಯುವುದು ಸುಲಭ, ಆದರೆ ಅದು ನ್ಯಾಯವಲ್ಲ.

ಬಾಯಿಯ ಬ್ಯಾಕ್ಟೀರಿಯಾಗೆ ಹೊಂದುವ ಔಷಧಿ

ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಹಜವಾಗಿ ಇರುತ್ತದೆ. ಬೆಕ್ಕು ಕಚ್ಚಿದ ಕೈ ಬೇಗ ಊದಿಕೊಳ್ಳುವುದು ಹೆಚ್ಚಾಗಿ ಅದರಿಂದ. ಒಸಡಿನ ಆಳದಲ್ಲಿ, ಗಾಳಿ ಆಡದ ಕಡೆ, ಪೋರ್ಫಿರೋಮೋನಾಸ್, ಫ್ಯುಸೋಬ್ಯಾಕ್ಟೀರಿಯಂನಂಥ ಗಾಳಿ ಬೇಡದ ಜಾತಿಗಳು ಸೇರಿಕೊಳ್ಳುತ್ತವೆ. ಕೀವಿನ ಆ ಕೆಟ್ಟ ನಾತ ಹೆಚ್ಚಾಗಿ ಇವುಗಳದು. ಈ ಎರಡೂ ಗುಂಪನ್ನು ಒಟ್ಟಿಗೆ ಹಿಡಿಯುವ ಔಷಧಿ ಬೇಕು.

ಮೊದಲ ಆಯ್ಕೆಯಾಗಿ ಹೆಚ್ಚಾಗಿ ಬರುವುದು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಜೋಡಿ. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವುದನ್ನು ತಡೆಯುತ್ತದೆ. ಬ್ಯಾಕ್ಟೀರಿಯಾ ಅದನ್ನು ಒಡೆಯಲು ಬಿಡುವ ಕಿಣ್ವವನ್ನು ಕ್ಲಾವುಲನೇಟ್ ಕಟ್ಟಿಹಾಕುತ್ತದೆ. ಪಾಶ್ಚುರೆಲ್ಲಾ, ಗಾಳಿ ಬೇಡದ ಜಾತಿ, ಎರಡಕ್ಕೂ ಇದು ಆಗುತ್ತದೆ. ಶುಗರ್ ಮೇಲೆ ನೇರ ಪರಿಣಾಮ ಇಲ್ಲ. ತೊಂದರೆ ಎಂದರೆ ಹೊಟ್ಟೆ. ವಾಂತಿ, ಭೇದಿ, ಊಟ ಸೇರದಿರುವುದು ಇದರಿಂದ ಆಗಬಹುದು. ಬೇರೆ ಬೆಕ್ಕಿಗೆ ಅದು ಸಣ್ಣ ಕಿರಿಕಿರಿ. ಇನ್ಸುಲಿನ್ ಮೇಲಿರುವ ಬೆಕ್ಕಿಗೆ ಹಾಗಲ್ಲ. ಅದು ಏಕೆ ಎಂಬುದು ಮುಂದೆ ಬರುತ್ತದೆ.

ನಮ್ಮಲ್ಲಿ ಇದರ ಜೊತೆ ಇನ್ನೊಂದು ಅಪಾಯ ಇದೆ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನು ತುಂಡು ಮಾಡಿ ಕೊಡುವುದು. ಬೆಕ್ಕಿಗೆ ಸಾಮಾನ್ಯವಾಗಿ ಒಂದು ಹೊತ್ತಿಗೆ 62.5 ಮಿಲಿಗ್ರಾಂ ಮಾತ್ರೆ ಬರುತ್ತದೆ. ಮನುಷ್ಯರ ದೊಡ್ಡ ಮಾತ್ರೆ 625. ಹತ್ತು ತುಂಡು ಮಾಡಿದರಾಯಿತು ಎನ್ನಿಸುತ್ತದೆ. ಆದರೆ ಮನುಷ್ಯರಿಗೇ ಬರುವ ಇನ್ನೊಂದು, 375ರ ಮಾತ್ರೆಯಲ್ಲಿ ಅಮಾಕ್ಸಿಸಿಲಿನ್ 250, ಕ್ಲಾವುಲನೇಟ್ 125. 625ರಲ್ಲಿ 500 ಮತ್ತು 125. ಹೊಟ್ಟೆ ಕೆಡಿಸುವುದರಲ್ಲಿ ಕ್ಲಾವುಲನೇಟ್‌ನ ಪಾಲು ದೊಡ್ಡದು, ಅಮಾಕ್ಸಿಸಿಲಿನ್‌ಗೆ ಹೋಲಿಸಿದರೆ 375ರಲ್ಲಿ ಅದರ ಪ್ರಮಾಣ ಎರಡು ಪಟ್ಟು. ಅದನ್ನು ಲೆಕ್ಕ ಹಾಕಿ ತುಂಡು ಮಾಡಿದರೂ ಔಷಧಿ ಅದೇ ಆಗುವುದಿಲ್ಲ. ಮಕ್ಕಳ ಸಿರಪ್ಪಿನಲ್ಲಿ ಪ್ರಮಾಣ ಮತ್ತೆ ಬೇರೆ, ಜೊತೆಗೆ ಸಿಹಿ ಬೇರೆ. ದಿನಕ್ಕೆ ಅರ್ಧ, ಒಂದು ಮಿಲಿ ಸಿರಪ್ಪಿನ ಸಕ್ಕರೆಯಿಂದ ಬೆಕ್ಕಿನ ಶುಗರ್ ಹಾರಿಹೋಗುವುದಿಲ್ಲ. ಆ ಒಂದು ಭಯಕ್ಕೆ ಸಿರಪ್ ಬೇಡ ಎನ್ನಬೇಕಿಲ್ಲ. ಯಾವ ಸಿರಪ್, ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು, ಅಷ್ಟೇ.

ಎರಡನೆಯದು ಕ್ಲಿಂಡಮೈಸಿನ್. ಮೂಳೆಯೊಳಗೆ ಚೆನ್ನಾಗಿ ಇಳಿಯುತ್ತದೆ, ಗಾಳಿ ಬೇಡದ ಜಾತಿಗಳಿಗೆ ಒಳ್ಳೆಯದು. ಹಾಗಾಗಿ ದವಡೆಯ ಮೂಳೆಗೆ ಸೋಂಕು ಇಳಿದಾಗ ಇದರ ನೆನಪಾಗುತ್ತದೆ. ಕೊರತೆ ಎಂದರೆ ಪಾಶ್ಚುರೆಲ್ಲಾ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಕ್ಯಾಪ್ಸೂಲನ್ನು ಒಣಗಾಗಿ ನುಂಗಿಸಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡಬಹುದು. ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಮಾತ್ರೆಯದೂ ಅದೇ ಗುಣ, ಅನ್ನನಾಳವೇ ಕಿರಿದಾಗುವಷ್ಟು ಸುಟ್ಟ ಉದಾಹರಣೆಗಳು ಬೆಕ್ಕುಗಳಲ್ಲಿ ದಾಖಲಾಗಿವೆ. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿ ನೀರು ಕುಡಿಸುವುದು ಅಥವಾ ಒಂದು ತುತ್ತು ಊಟ ಕೊಡುವುದು ಇದಕ್ಕೇ.

ಮೆಟ್ರೋನಿಡಜೋಲ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಗಾಳಿ ಬೇಡದ ಜಾತಿಗಳನ್ನು ಮಾತ್ರ ಹಿಡಿಯುತ್ತದೆ, ಹಾಗಾಗಿ ಬೇರೆಯದರ ಜೊತೆ ಕೊಡುತ್ತಾರೆ. ಕಹಿ ಎಷ್ಟೆಂದರೆ ಬೆಕ್ಕು ನೊರೆ ಕಾರುತ್ತದೆ. ಡೋಸ್ ಜಾಸ್ತಿಯಾದರೆ ನರಗಳಿಗೆ ತೊಂದರೆ, ತೂರಾಟ ಬರುತ್ತದೆ. ಶುಗರ್ ಇರುವ ಬೆಕ್ಕು ತೂರಾಡಿದರೆ ಅದು ಔಷಧಿಯದೋ, ಶುಗರ್ ಕುಸಿದದ್ದೋ ಎಂದು ಮನೆಯವರು ಹೇಗೆ ತಿಳಿಯಬೇಕು? ಮೊದಲು ಗ್ಲೂಕೋಮೀಟರ್ ಹಿಡಿಯಬೇಕು.

ಒಂದೇ ಸೂಜಿಯ ಜಗಳ

ಸೆಫೋವೆಸಿನ್ ಎಂಬ ಔಷಧಿಯ ಸುತ್ತ ಪಶುವೈದ್ಯರಲ್ಲೇ ಎರಡು ಬಣ. ಅಮೆರಿಕದಲ್ಲಿ 2008ರಿಂದ ಬಳಕೆಯಲ್ಲಿದೆ. ಚರ್ಮದ ಕೆಳಗೆ ಒಂದು ಸೂಜಿ, ಸುಮಾರು 14 ದಿನ ಕೆಲಸ. ವಿದೇಶದಲ್ಲಿರುವ ಕನ್ನಡಿಗರು ಬೆಕ್ಕನ್ನು ಕ್ಲಿನಿಕ್ಕಿಗೆ ಒಯ್ದರೆ ಈ ಹೆಸರು ಕೇಳಿಯೇ ಕೇಳುತ್ತಾರೆ.

ಪರವಾಗಿರುವವರ ಮಾತು ನೇರವಾಗಿದೆ. ನೋಯುವ ಬಾಯನ್ನು ದಿನಕ್ಕೆರಡು ಸಲ ಬಲವಂತವಾಗಿ ತೆರೆದು ಮಾತ್ರೆ ತುರುಕಬೇಕು. ಬೆಕ್ಕು ಮೂರನೇ ದಿನಕ್ಕೆ ಮಂಚದ ಕೆಳಗೆ ಸೇರುತ್ತದೆ. ಇನ್ಸುಲಿನ್ ಚುಚ್ಚಲೂ ಕೈಗೆ ಸಿಗುವುದಿಲ್ಲ. ಅರ್ಧಂಬರ್ಧ ನುಂಗಿದ ಮಾತ್ರೆಗಿಂತ ಪೂರ್ತಿ ಕೆಲಸ ಮಾಡುವ ಸೂಜಿ ಮೇಲಲ್ಲವೇ?

ವಿರೋಧಿಸುವವರ ಮಾತು ಎರಡು ಕವಲಿನದು. ಮೊದಲನೆಯದು, ಇದು ಮೂರನೇ ತಲೆಮಾರಿನ ಸೆಫಲೋಸ್ಪೋರಿನ್. ಮನುಷ್ಯರ ಗಂಭೀರ ಸೋಂಕಿಗೆಂದು ಉಳಿಸಿಕೊಳ್ಳಬೇಕಾದ ಗುಂಪು. ಯುರೋಪಿನ ಔಷಧಿ ಸಂಸ್ಥೆ 2020ರಲ್ಲಿ ಪ್ರಾಣಿಗಳಿಗೆ ಬಳಸುವ ಆ್ಯಂಟಿಬಯಾಟಿಕ್‌ಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಿದೆ. ಎ ಎಂದರೆ ಮುಟ್ಟಲೇಬೇಡಿ. ಬಿ ಎಂದರೆ ಬೇರೆ ದಾರಿ ಇಲ್ಲದಾಗ ಮಾತ್ರ. ಸಿ ಎಂದರೆ ಎಚ್ಚರದಿಂದ. ಡಿ ಎಂದರೆ ಮೊದಲು ಇವನ್ನು ನೋಡಿ. ಸೆಫೋವೆಸಿನ್ ಇರುವುದು ಬಿ ಗುಂಪಿನಲ್ಲಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಕ್ಲಿಂಡಮೈಸಿನ್ ಸಿ ಗುಂಪಿನಲ್ಲಿ. ಡಾಕ್ಸಿಸೈಕ್ಲಿನ್, ಮೆಟ್ರೋನಿಡಜೋಲ್ ಡಿ ಗುಂಪಿನಲ್ಲಿ.

ಎರಡನೆಯದು, ಚುಚ್ಚಿದ ಮೇಲೆ ವಾಪಸ್ ತೆಗೆಯಲಾಗದು. ಕೆಲಸ 14 ದಿನದ್ದಾದರೂ ಔಷಧಿಯ ಅಂಶ ಬೆಕ್ಕಿನ ಮೈಯಲ್ಲಿ ಸುಮಾರು 65 ದಿನ ಇರುತ್ತದೆ. ಅಲರ್ಜಿ ಆದರೆ, ಊಟ ಬಿಟ್ಟರೆ ಮಾತ್ರೆಯನ್ನು ನಿಲ್ಲಿಸಬಹುದು, ಸೂಜಿಯನ್ನು ನಿಲ್ಲಿಸಲಾಗದು. ಊಟದ ಮೇಲೆಯೇ ಜೀವ ನಿಂತಿರುವ ಸಕ್ಕರೆ ಕಾಯಿಲೆಯ ಬೆಕ್ಕಿಗೆ ಇದು ಸಣ್ಣ ವಿಷಯವಲ್ಲ. ಕೊನೆಯ ವಾರಗಳಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲಲಾಗದ, ಆದರೆ ನಿರೋಧ ಕಲಿಸಲು ಸಾಕಾಗುವ ಪ್ರಮಾಣ ಉಳಿಯುತ್ತದೆ ಎಂಬ ಆತಂಕವೂ ಇದರ ಹಿಂದೆ ಇದೆ.

ನಮ್ಮಲ್ಲಿ ಇದೇ ಪ್ರಶ್ನೆ ಸೆಫ್ಟ್ರಿಯಾಕ್ಸೋನ್ ರೂಪದಲ್ಲಿ ಬರುತ್ತದೆ. ಮನುಷ್ಯರ ಔಷಧಿ, ಅದೂ ಮೂರನೇ ತಲೆಮಾರಿನದೇ, ಸುಲಭವಾಗಿ ಸಿಗುತ್ತದೆ. 2014ರ ಮಾರ್ಚ್‌ನಿಂದ ಇಂಥ ಔಷಧಿಗಳು ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು.

ಎರಡು ವಾದಗಳಲ್ಲಿ ವಿರೋಧದ್ದೇ ಹೆಚ್ಚು ತೂಕದ್ದು. ಆದರೂ ಯಾವ ಉಪಾಯಕ್ಕೂ ಬಗ್ಗದ, ಮಾತ್ರೆ ನುಂಗದ ಬೆಕ್ಕು ಇದ್ದೇ ಇರುತ್ತದೆ. ಹಲ್ಲಿನ ಕೆಲಸಕ್ಕೆ ದಿನ ಗೊತ್ತಾಗಿದೆ, ಬೇರೆ ದಾರಿ ಇಲ್ಲ ಎಂದಾಗ ಆ ಸೂಜಿಯನ್ನು ಪಾಪ ಎನ್ನುವಂತಿಲ್ಲ. ತಪ್ಪಾಗುವುದು, ಹಲ್ಲು ಹಾಗೇ ಇದ್ದು ಎರಡು ತಿಂಗಳಿಗೊಮ್ಮೆ ಅದೇ ಸೂಜಿ ಬೀಳುತ್ತಿದ್ದಾಗ.

ಕಣ್ಣಿಗೂ ಶುಗರಿಗೂ ಕುತ್ತು ತರಬಹುದಾದ ಗುಂಪು

ಎನ್ರೋಫ್ಲಾಕ್ಸಾಸಿನ್ ನಮ್ಮ ಪಶು ಔಷಧಿ ಅಂಗಡಿಗಳಲ್ಲಿ ಬಹಳ ಪರಿಚಿತ. ಶುಗರ್ ಇದೆ, ಗಟ್ಟಿ ಔಷಧಿ ಬೇಕು ಎಂದ ಕೂಡಲೇ ಕೈ ಹೋಗುವುದು ಇದರ ಕಡೆಗೇ. ಹಲ್ಲಿನ ಸೋಂಕಿಗೆ ಇದು ಹೊಂದುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಮೇಲೆ ಇದರ ಹಿಡಿತ ದುರ್ಬಲ. ಅದಕ್ಕಿಂತ ದೊಡ್ಡದು, ಬೆಕ್ಕಿನ ಕಣ್ಣಿನ ಅಕ್ಷಿಪಟಲಕ್ಕೆ ಇದು ಹಾನಿ ಮಾಡಬಲ್ಲದು. ದಿನಕ್ಕೆ ಒಂದು ಕೆಜಿ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು ಎಂಬ ಎಚ್ಚರಿಕೆ ಇದೆ. ಮೀರಿದರೆ ಶಾಶ್ವತವಾಗಿ ಕುರುಡಾಗಬಹುದು. ವಯಸ್ಸಾದ, ಕಿಡ್ನಿ ಸೋತ ಬೆಕ್ಕುಗಳಿಗೆ ಅಪಾಯ ಇನ್ನೂ ಹೆಚ್ಚು. ಶುಗರ್ ಬರುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ.

ಎನ್ರೋಫ್ಲಾಕ್ಸಾಸಿನ್ ಸೇರಿರುವ ಫ್ಲೋರೋಕ್ವಿನೋಲೋನ್ ಗುಂಪಿಗೂ ರಕ್ತದ ಸಕ್ಕರೆಗೂ ಇರುವ ನಂಟು ಮನುಷ್ಯರಲ್ಲಿ ಚೆನ್ನಾಗಿ ಗೊತ್ತಾಗಿದೆ. ಇದೇ ಗುಂಪಿನ ಗ್ಯಾಟಿಫ್ಲಾಕ್ಸಾಸಿನ್ ಮಾತ್ರೆ, ಇಂಜೆಕ್ಷನ್‌ಗಳನ್ನು ಭಾರತ 2011ರಲ್ಲಿ ನಿಷೇಧಿಸಿತು, ಶುಗರನ್ನು ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತದೆ ಎಂಬುದು ಅದರ ಮೇಲಿದ್ದ ದೊಡ್ಡ ದೂರು. 2018ರ ಜುಲೈನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಡೀ ಗುಂಪಿನ ಔಷಧಿಗಳ ಮೇಲೆ ಶುಗರ್ ಕುಸಿತದ ಎಚ್ಚರಿಕೆಯನ್ನು ಇನ್ನಷ್ಟು ಬಲಪಡಿಸಿತು. ಇದೆಲ್ಲ ಬೆಕ್ಕಿಗೆ ಹಾಗೇ ಅನ್ವಯಿಸುತ್ತದೆ ಎನ್ನಲಾಗದು. ಆದರೆ ಬಾಯಿಯ ಸೋಂಕಿಗೆ ಹೊಂದದ, ಕಣ್ಣಿಗೆ ಅಪಾಯವಿರುವ ಔಷಧಿಯನ್ನು, ಇಂಥ ಇತಿಹಾಸವೂ ಇರುವಾಗ ಇನ್ಸುಲಿನ್ ಮೇಲಿರುವ ಬೆಕ್ಕಿಗೆ ಮೊದಲ ಆಯ್ಕೆ ಮಾಡಲು ಕಾರಣವೇ ಸಿಗುವುದಿಲ್ಲ.

ಚೀಟಿಯಲ್ಲಿ ಜೊತೆಗೆ ಬರುವವು

ಆ್ಯಂಟಿಬಯಾಟಿಕ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವವರೂ ಚೀಟಿಯ ಎರಡನೇ ಸಾಲನ್ನು ನೋಡುವುದಿಲ್ಲ. ಅಲ್ಲಿ ಸ್ಟಿರಾಯ್ಡ್ ಇರಬಹುದು. ಬಾಯಿಹುಣ್ಣಿನ ಬೆಕ್ಕಿಗೆ ಪ್ರೆಡ್ನಿಸೋಲೋನ್ ಅಥವಾ ವಾರಗಟ್ಟಲೆ ಕೆಲಸ ಮಾಡುವ ಮೀಥೈಲ್‌ಪ್ರೆಡ್ನಿಸೋಲೋನ್ ಸೂಜಿ ಕೊಡುವುದು ಹಳೆಯ ರೂಢಿ. ಕೊಟ್ಟ ಮರುದಿನವೇ ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಮನೆಯವರಿಗೂ ಖುಷಿ. ಆದರೆ ಸ್ಟಿರಾಯ್ಡ್ ಎಂದರೆ ಮೈ ತಾನೇ ಬಿಡುವ ಕಾರ್ಟಿಸಾಲ್‌ನ ಅಣ್ಣ. ಇನ್ಸುಲಿನ್‌ಗೆ ನೇರ ಎದುರಾಳಿ. ಶುಗರ್ ಇಲ್ಲದ ಬೆಕ್ಕಿನಲ್ಲೂ ಶುಗರ್ ಹುಟ್ಟಿಸಬಲ್ಲದು. ಇರುವ ಬೆಕ್ಕಿನಲ್ಲಿ ಹತೋಟಿಯನ್ನೇ ಕಿತ್ತುಹಾಕುತ್ತದೆ. ನನ್ನ ಲೆಕ್ಕದಲ್ಲಿ ಅಮಾಕ್ಸಿಸಿಲಿನ್ ಬದಲು ಕ್ಲಿಂಡಮೈಸಿನ್ ಬರೆದರೆ ಆಗುವ ವ್ಯತ್ಯಾಸಕ್ಕಿಂತ ಈ ಒಂದು ಸೂಜಿಯಿಂದ ಆಗುವ ವ್ಯತ್ಯಾಸ ಬಹಳ ದೊಡ್ಡದು. ಬಾಯಿಹುಣ್ಣಿಗೆ ಹಲ್ಲುಗಳನ್ನೇ ತೆಗೆಸುವುದು ಕ್ರೂರ ಎನಿಸಬಹುದು. ಬೆಕ್ಕಿಗೆ ಇರುವುದು 30 ಹಲ್ಲು, ಕೆಲವು ಸಲ ಎಲ್ಲವನ್ನೂ ತೆಗೆಯುತ್ತಾರೆ. ಆದರೆ ಸುಮಾರು ಮೂರರಲ್ಲಿ ಎರಡು ಪಾಲು ಬೆಕ್ಕುಗಳು ಅದರಿಂದ ಪೂರ್ತಿಯಾಗಿಯೋ ಬಹುಮಟ್ಟಿಗೋ ಸುಧಾರಿಸುತ್ತವೆ. ಹಲ್ಲಿಲ್ಲದ ಬೆಕ್ಕು ಹಾಯಾಗಿ ಊಟ ಮಾಡುತ್ತದೆ.

ನೋವಿನ ಔಷಧಿ ಬೇಕೇ ಬೇಕು, ನೋವಿದ್ದರೆ ಊಟ ಇಲ್ಲ. ಆದರೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಮೆಲಾಕ್ಸಿಕ್ಯಾಮ್ ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಕಿಡ್ನಿ ಕೆಡಬಹುದು ಎಂಬ ಗಟ್ಟಿ ಎಚ್ಚರಿಕೆ ಅಮೆರಿಕದ ಲೇಬಲ್‌ನಲ್ಲೇ ಇದೆ. ಮನೆಯ ಡಬ್ಬಿಯಿಂದ ಏನನ್ನೂ ಕೊಡಬಾರದು.

ಊಟ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ

ಇನ್ಸುಲಿನ್ ಡೋಸ್ ನಿಂತಿರುವುದು ಊಟದ ಮೇಲೆ. ಆ್ಯಂಟಿಬಯಾಟಿಕ್‌ನಿಂದ ವಾಂತಿಯಾಗಿ ಬೆಕ್ಕು ತಿನ್ನಲಿಲ್ಲ ಎಂದುಕೊಳ್ಳಿ. ಎಂದಿನ ಡೋಸ್ ಚುಚ್ಚಿದರೆ ಶುಗರ್ ಕುಸಿಯುತ್ತದೆ. ಹೆದರಿ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ, ಸೋಂಕಿರುವ ಮೈಯಲ್ಲಿ ಕೀಟೋನ್ ಏರುತ್ತದೆ. ಎರಡೂ ಕಡೆ ಹಳ್ಳ. ಇದಲ್ಲದೆ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುವ ಕಾಯಿಲೆ ಬೇರೆ ಶುರುವಾಗಬಹುದು, ದಪ್ಪ ಬೆಕ್ಕುಗಳಿಗೆ ಹೆಚ್ಚಾಗಿ. ಹಾಗಾಗಿ ಆ್ಯಂಟಿಬಯಾಟಿಕ್ ಶುರುಮಾಡುವ ದಿನವೇ ಡಾಕ್ಟರನ್ನು ಕೇಳಿಟ್ಟುಕೊಳ್ಳಬೇಕಾದ ಮಾತು ಒಂದಿದೆ: ಅರ್ಧ ತಿಂದರೆ ಎಷ್ಟು ಇನ್ಸುಲಿನ್, ಏನೂ ತಿನ್ನದಿದ್ದರೆ ಎಷ್ಟು, ಎಷ್ಟು ಹೊತ್ತಿನ ಮೇಲೆ ಫೋನ್ ಮಾಡಬೇಕು.

ಅಮೆರಿಕದಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆ, 2023ರ ಆಗಸ್ಟ್‌ನಲ್ಲಿ ವೆಲಾಗ್ಲಿಫ್ಲೋಜಿನ್ ದ್ರವ ಬೆಕ್ಕುಗಳಿಗೆ ಒಪ್ಪಿಗೆ ಪಡೆದವು. ಸೂಜಿ ಬೇಡ ಎಂಬ ಕಾರಣಕ್ಕೆ ಜನಪ್ರಿಯವಾಗಿವೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಬಗೆಯವು. ಇವುಗಳ ಮೇಲಿರುವ ಬೆಕ್ಕು ಬಾಯಿನೋವಿಂದ ಊಟ ಬಿಟ್ಟರೆ, ಶುಗರ್ ಮಾಮೂಲಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಬಹುದು. ಮೀಟರ್ ನೋಡಿ ನೆಮ್ಮದಿಯಾಗಿ ಕೂರುವಂತಿಲ್ಲ. ಕೀಟೋನನ್ನೇ ನೋಡಬೇಕು, ಕೂಡಲೇ ಡಾಕ್ಟರಿಗೆ ತಿಳಿಸಬೇಕು.

ಪರೀಕ್ಷೆಯ ಬಗ್ಗೆ ಒಂದು ಸಣ್ಣ ಮಾತು. ಮೂತ್ರದ ಸಕ್ಕರೆಯನ್ನು ಬೆನೆಡಿಕ್ಟ್ ದ್ರಾವಣ ಕಾಯಿಸಿ ನೋಡುವ ಹಳೆಯ ಪದ್ಧತಿ ಇದ್ದರೆ, ಅಮಾಕ್ಸಿಸಿಲಿನ್ ಮತ್ತು ಸೆಫಲೋಸ್ಪೋರಿನ್‌ಗಳು ಅಲ್ಲಿ ಇಲ್ಲದ ಸಕ್ಕರೆಯನ್ನು ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಅನಾಹುತ. ಮೂತ್ರದಲ್ಲಿ ಅದ್ದಿ ನೋಡುವ ಈಗಿನ ಗ್ಲೂಕೋಸ್ ಸ್ಟ್ರಿಪ್‌ಗಳಿಗೆ ಈ ತೊಂದರೆ ಇಲ್ಲ. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡುವುದು ಇನ್ನೂ ಒಳ್ಳೆಯದು.

ಹಲ್ಲು ಹೋದ ಮೇಲಿನ ವಾರಗಳು

ಕೆಟ್ಟ ಹಲ್ಲು ಹೊರಬಂದು, ಗಾಯ ತೊಳೆದು, ಒಸಡು ಹೊಲಿದ ಮೇಲೆ ಆ್ಯಂಟಿಬಯಾಟಿಕ್‌ನ ಕೆಲಸ ಹೆಚ್ಚಾಗಿ ಮುಗಿಯುತ್ತ ಬಂದಿರುತ್ತದೆ. ಮೂಳೆಗೆ ಸೋಂಕು ಇಳಿದಿದ್ದರೆ ಮಾತು ಬೇರೆ, ಆಗ ವಾರಗಟ್ಟಲೆ ಬೇಕಾಗಬಹುದು. ಇಲ್ಲದಿದ್ದರೆ ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಕೋರ್ಸನ್ನು ಎಳೆಯಬೇಕಿಲ್ಲ.

ಈ ಹೊತ್ತಿನಲ್ಲಿ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಸೋಂಕು ಹೋಯಿತು ಎಂದರೆ ಇನ್ಸುಲಿನ್‌ಗೆ ಅಡ್ಡ ನಿಂತಿದ್ದ ಹಾರ್ಮೋನುಗಳೂ ಇಳಿದವು. ಮೈ ಮತ್ತೆ ಇನ್ಸುಲಿನ್ ಮಾತು ಕೇಳತೊಡಗುತ್ತದೆ. ಸೋಂಕಿನ ದಿನಗಳಲ್ಲಿ ಏರಿಸಿದ್ದ ಡೋಸ್ ಈಗ ವಿಪರೀತ ಜಾಸ್ತಿ. ಕೆಲವೇ ದಿನಗಳಲ್ಲಿ ಶುಗರ್ 60ಕ್ಕಿಂತ ಕೆಳಗೆ ಬಿದ್ದು, ಬೆಕ್ಕು ತೂರಾಡಬಹುದು, ಫಿಟ್ಸ್ ಬರಬಹುದು. ಆಗ ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರಿಕೊಂಡು ಆಸ್ಪತ್ರೆಗೆ ಓಡಬೇಕು, ಹೊಲಿಗೆ ಇರುವ ಕಡೆ ಬಿಟ್ಟು. ಹಲ್ಲು ತೆಗೆಸಿದ ಮೊದಲೆರಡು ವಾರ ಪ್ರತಿ ಸೂಜಿಗೂ ಮೊದಲು ಶುಗರ್ ನೋಡಿ, ಅಂಕಿಯನ್ನು ಡಾಕ್ಟರಿಗೆ ಕಳಿಸುತ್ತಿದ್ದರೆ ಇದನ್ನು ತಪ್ಪಿಸಬಹುದು.

ಸಿರಿಂಜ್ ಬಗ್ಗೆಯೂ ಈಗಲೇ ಎಚ್ಚರ ಬೇಕು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಒಂದು ಮಿಲಿಗೆ 40 ಯೂನಿಟ್ ಮತ್ತು 100 ಯೂನಿಟ್, ಎರಡೂ ಬಗೆಯ ಇನ್ಸುಲಿನ್ ಸಿಗುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಎಂಬ ಇನ್ಸುಲಿನ್ 100ರದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಸೋಂಕಿದ್ದಾಗ ಆ ತಪ್ಪು ಮುಚ್ಚಿಹೋಗಿರಬಹುದು. ಸೋಂಕು ಹೋದ ಮೇಲೆ ಅದೇ ತಪ್ಪು ಪ್ರಾಣಕ್ಕೆ ಬರುತ್ತದೆ.

ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಡೋಸ್ ಇಳಿಯುತ್ತ ಇಳಿಯುತ್ತ ಪೂರ್ತಿಯಾಗಿಯೇ ನಿಲ್ಲುತ್ತದೆ. ಕಾಯಿಲೆ ಬೇಗ ಪತ್ತೆಯಾಗಿ, ಹಿಟ್ಟಿನಂಶ ಕಡಿಮೆ ಇರುವ ಊಟ ಕೊಟ್ಟು, ತೂಕ ಇಳಿಸಿದ ಬೆಕ್ಕುಗಳಲ್ಲಿ ಇದರ ಅವಕಾಶ ಹೆಚ್ಚು. ಇನ್ಸುಲಿನ್ ನಿಂತ ಬೆಕ್ಕನ್ನು ಮುಂದೆ ಯಾವ ಕ್ಲಿನಿಕ್ಕಿಗೆ ಒಯ್ದರೂ, ಕೆಮ್ಮಿಗಾಗಲಿ ಕೆರೆತಕ್ಕಾಗಲಿ, ಇದಕ್ಕೆ ಮೊದಲು ಶುಗರ್ ಇತ್ತು ಎಂದು ಹೇಳಿಯೇ ಔಷಧಿ ಬರೆಸಿಕೊಳ್ಳಬೇಕು. ಒಂದು ಸ್ಟಿರಾಯ್ಡ್ ಸೂಜಿ ಬಿದ್ದರೆ ಶುಗರ್ ಮತ್ತೆ ಬರಬಹುದು, ಎರಡನೇ ಸಲ ಅದನ್ನು ಇಳಿಸುವುದು ಮೊದಲಿನಷ್ಟು ಸುಲಭವಿರುವುದಿಲ್ಲ.